ಅಳತೆಯ ಪಾತ್ರೆ ಮತ್ತು ಅದರ ಕೋಲು: ಸಣ್ಣ ಊರಿನ ಜಾನಪದ ವಸ್ತುಸಂಗ್ರಹಾಲಯ ಏನನ್ನು ಕಾಪಾಡುತ್ತದೆ?

ಹಳ್ಳಿಯ ಬದುಕಿಗೆ ಮೀಸಲಾದ ವಸ್ತುಸಂಗ್ರಹಾಲಯಗಳಲ್ಲಿ ಧಾನ್ಯ ಅಳೆಯುವ ಮರದ ಪಾತ್ರೆಗಳು ಸಾಮಾನ್ಯ. ಬಾಯಂಚಿಗೆ ಬಿಗಿದ ಕಬ್ಬಿಣದ ಪಟ್ಟಿ, ಹೊರಮೈಗೆ ಒತ್ತಿದ ಅಧಿಕೃತ ಮುದ್ರೆ, ತಳದಲ್ಲಿ ಒಡೆಯನ ಮನೆತನದ ಗುರುತು ಇವೆಲ್ಲ ಇರುವುದರಿಂದ ಅದು ಇಟ್ಟುಕೊಳ್ಳಬೇಕಾದ ವಸ್ತುವೆಂದು ಯಾರಿಗಾದರೂ ತಿಳಿಯುತ್ತದೆ. ಆದರೆ ಅದರ ಜೊತೆಯಲ್ಲೇ ಬರಬೇಕಾಗಿದ್ದ ಇನ್ನೊಂದು ವಸ್ತು ಎಷ್ಟೋ ಸಲ ಕಾಣೆಯಾಗಿರುತ್ತದೆ. ಅದು ಒಂದು ನೇರವಾದ ಕೋಲು. ಅದರ ಮೇಲೆ ಮುದ್ರೆಯಿಲ್ಲ, ಕೆತ್ತನೆಯಿಲ್ಲ. ಒಂದು ಅಂಚು ಮಾತ್ರ ಸವೆದು ನುಣುಪಾಗಿದೆ. ಪಾತ್ರೆಗೆ ಧಾನ್ಯ ತುಂಬಿದ ಮೇಲೆ ಬಾಯಿಯ ಮಟ್ಟಕ್ಕಿಂತ ಮೇಲಿದ್ದುದನ್ನು ಸವರಿ ಕೆಳಗೆ ಬೀಳಿಸಲು ಆ ಕೋಲನ್ನು ಬಳಸುತ್ತಿದ್ದರು.

ತೂಕಕ್ಕಿಂತ ಅಳತೆಯೇ ರೂಢಿಯಲ್ಲಿದ್ದ ಕಾಲದಲ್ಲಿ ಆ ಕೋಲಿಗೆ ಪಾತ್ರೆಯಷ್ಟೇ ಮಹತ್ವವಿತ್ತು. ಒಂದೇ ಪಾತ್ರೆಯಲ್ಲಿ ಧಾನ್ಯವನ್ನು ಗೋಪುರದಂತೆ ಏರಿಸಿ ಅಳೆದರೆ ಒಂದು ಲೆಕ್ಕ, ಕೋಲಿನಿಂದ ಸವರಿ ಅಳೆದರೆ ಇನ್ನೊಂದು ಲೆಕ್ಕ. ಯುರೋಪಿನ ಹಳ್ಳಿಗಳಲ್ಲಿ ಭೂಮಾಲೀಕರು ಗೇಣಿ ಪಡೆಯುವಾಗ ಏರಿಸಿದ ಅಳತೆಯನ್ನು ಕೇಳುತ್ತಾರೆ, ಕೊಡುವಾಗ ಸವರಿದ ಅಳತೆಯನ್ನು ಕೊಡುತ್ತಾರೆ ಎಂಬ ತಕರಾರು ಶತಮಾನಗಳ ಕಾಲ ನಡೆಯಿತು. 1789ರಲ್ಲಿ ಫ್ರಾನ್ಸಿನ ಜನರು ಅರಸನಿಗೆ ಸಲ್ಲಿಸಿದ ದೂರುಪತ್ರಗಳಲ್ಲಿ ದೇಶಕ್ಕೆಲ್ಲ ಒಂದೇ ಅಳತೆ, ಒಂದೇ ತೂಕ ಬೇಕೆಂಬ ಬೇಡಿಕೆ ಮತ್ತೆ ಮತ್ತೆ ಬರುತ್ತದೆ; 1795ರಲ್ಲಿ ಅಲ್ಲಿ ಮೆಟ್ರಿಕ್ ಪದ್ಧತಿ ಕಾನೂನಾಯಿತು. ಇಷ್ಟು ದೊಡ್ಡ ಚರಿತ್ರೆ ಆ ಸಣ್ಣ ಕೋಲಿನ ಸವೆದ ಅಂಚಿನಲ್ಲಿದೆ. ಆದರೆ ಪಾತ್ರೆಯನ್ನು ಒಂದು ಕಪಾಟಿನಲ್ಲಿಟ್ಟು, ಕೋಲನ್ನು ಬೇರೆ ಹತ್ತಾರು ಕೋಲುಗಳ ಜೊತೆ ಮೂಲೆಗೆ ಒರಗಿಸಿ, ಎರಡಕ್ಕೂ ಇರುವ ಸಂಬಂಧವನ್ನು ಯಾರೂ ಬರೆದಿಡದಿದ್ದರೆ ಆ ಚರಿತ್ರೆ ಅಲ್ಲಿಗೆ ಮುಗಿಯುತ್ತದೆ. ಕೋಲು ಹಾಳಾಗಿಲ್ಲ, ಕಳುವಾಗಿಲ್ಲ, ಸಂಗ್ರಹಾಲಯದೊಳಗೇ ಇದೆ, ಆದರೂ ಕಳೆದುಹೋಗಿದೆ.

ಜಾನಪದ ವಸ್ತುಸಂಗ್ರಹಾಲಯದ ಕೆಲಸ ಬೇರೆ ಸಂಗ್ರಹಾಲಯಗಳ ಕೆಲಸಕ್ಕಿಂತ ಭಿನ್ನವಾಗುವುದು ಇಲ್ಲಿಯೇ. ಒಂದು ತೈಲಚಿತ್ರಕ್ಕೆ ಬಿಡಿಸಿದವರ ಹೆಸರಿರುತ್ತದೆ, ಶಾಸನಕ್ಕೆ ತನ್ನದೇ ಬರವಣಿಗೆಯಿರುತ್ತದೆ, ನಾಣ್ಯದ ಮೇಲೆ ಅರಸನ ಮುದ್ರೆಯಿರುತ್ತದೆ. ಕುಡುಗೋಲು, ನೇಗಿಲು, ಬೀಸುಕಲ್ಲು, ಹಗ್ಗ ಹೊಸೆಯುವ ಕೊಕ್ಕೆ ಇಂಥವು ತಮ್ಮ ಬಗ್ಗೆ ಬಹಳ ಕಡಿಮೆ ಹೇಳುತ್ತವೆ. ಅವು ಸಾವಿರಾರು ಸಂಖ್ಯೆಯಲ್ಲಿ ತಯಾರಾದವು, ಮಾಡಿದವರ ಹೆಸರು ಉಳಿದಿಲ್ಲ, ಮಾರುಕಟ್ಟೆಯಲ್ಲಿ ಅವಕ್ಕೆ ಹೇಳಿಕೊಳ್ಳುವಂಥ ಬೆಲೆಯೂ ಇಲ್ಲ. ಯಾರು, ಯಾವ ಹೊಲದಲ್ಲಿ, ವರ್ಷದ ಯಾವ ತಿಂಗಳಲ್ಲಿ, ಮೈಯನ್ನು ಹೇಗೆ ಬಾಗಿಸಿ ಅದನ್ನು ಬಳಸುತ್ತಿದ್ದರು ಎಂಬ ತಿಳಿವಳಿಕೆ ಜೊತೆಗಿದ್ದಾಗ ಮಾತ್ರ ಅವು ಸಾಕ್ಷ್ಯಗಳಾಗುತ್ತವೆ. ಆ ತಿಳಿವಳಿಕೆ ಇರುವುದು ಬಳಸಿದವರಲ್ಲಿ, ಮತ್ತು ಬಳಸಿದವರು ಇರುವುದು ಸಣ್ಣ ಊರುಗಳ ಸುತ್ತಮುತ್ತ. ಆದ್ದರಿಂದಲೇ ದೂರದ ರಾಜಧಾನಿಯ ಭವ್ಯ ಕಟ್ಟಡಕ್ಕಿಂತ ಸಣ್ಣ ಪಟ್ಟಣದ ಎರಡು ಕೋಣೆಯ ಸಂಗ್ರಹಾಲಯ ಈ ಕೆಲಸಕ್ಕೆ ಹೆಚ್ಚು ತಕ್ಕುದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಈ ಬಗೆಯ ಸಂಗ್ರಹಾಲಯಗಳು ಹುಟ್ಟಿದ ಕಾಲವನ್ನು ನೋಡಿದರೆ ಕಾರಣ ಇನ್ನಷ್ಟು ಸ್ಪಷ್ಟವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲು, ಕಾರ್ಖಾನೆಯ ಬಟ್ಟೆ ಮತ್ತು ವಲಸೆ ಉತ್ತರ ಯುರೋಪಿನ ಹಳ್ಳಿಗಳನ್ನು ಒಂದೆರಡು ತಲೆಮಾರಿನಲ್ಲಿ ಗುರುತು ಸಿಗದಂತೆ ಬದಲಿಸಿದವು. ಸ್ವೀಡನ್ನಿನ ಆರ್ಟುರ್ ಹ್ಯಾಸೇಲಿಯಸ್ 1872ರಲ್ಲಿ ದಾಲಾರ್ನಾ ಪ್ರಾಂತದಲ್ಲಿ ಪ್ರವಾಸ ಮಾಡಿದಾಗ ಅಲ್ಲಿನ ಉಡುಪು, ಮನೆ, ಉಪಕರಣಗಳೆಲ್ಲ ಕಣ್ಣೆದುರೇ ಮರೆಯಾಗುತ್ತಿರುವುದನ್ನು ಕಂಡು ಸಂಗ್ರಹಿಸತೊಡಗಿದರು. ಮರುವರ್ಷವೇ ಸ್ಟಾಕ್‌ಹೋಮಿನಲ್ಲಿ ಆ ಸಂಗ್ರಹವನ್ನು ಜನರಿಗೆ ತೆರೆದರು. ನಾರ್ವೆಯ ಕ್ರಿಸ್ಟಿಯಾನಿಯಾದ (ಇಂದಿನ ಓಸ್ಲೊ) ಬಳಿ ಎರಡನೆಯ ಆಸ್ಕರ್ ಅರಸ 1881ರಿಂದ ಹಳೆಯ ಮರದ ಕಟ್ಟಡಗಳನ್ನು ಒಂದೆಡೆ ಸೇರಿಸಲು ಆರಂಭಿಸಿದ್ದ. 1891ರಲ್ಲಿ ಹ್ಯಾಸೇಲಿಯಸ್ ಸ್ಟಾಕ್‌ಹೋಮಿನಲ್ಲೇ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ಇಡೀ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ, ಒಳಗೆ ಪಾತ್ರೆಪಗಡಗಳನ್ನಿಟ್ಟು, ಹೊರಗೆ ಸಾಕುಪ್ರಾಣಿಗಳನ್ನು ಬಿಟ್ಟ ಆ ಮಾದರಿಯನ್ನು ಮುಂದೆ ಅನೇಕ ದೇಶಗಳು ಅನುಸರಿಸಿದವು. ಗಾಜಿನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಕಾಣುತ್ತಿದ್ದ ವಸ್ತುಗಳನ್ನು ಅವುಗಳ ನೆರೆಹೊರೆಯೊಂದಿಗೆ ತೋರಿಸಿದ್ದೇ ಸ್ಕಾನ್ಸೆನ್ನಿನ ನಿಜವಾದ ಹೊಸತನ.

ಸಣ್ಣ ಊರಿನ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ಕಥೆ ಆಂಡರ್ಸ್ ಸಾಂಡ್ವಿಗ್ ಅವರದು. ಅವರು ದಂತವೈದ್ಯರು. ಕ್ಷಯರೋಗದಿಂದ ಬಳಲುತ್ತಿದ್ದ ಅವರು 1885ರಲ್ಲಿ ನಾರ್ವೆಯ ಲಿಲ್ಲೆಹಾಮರ್ ಎಂಬ ಪುಟ್ಟ ಪಟ್ಟಣಕ್ಕೆ ಬಂದು ನೆಲೆಸಿದರು. ವೃತ್ತಿಯ ನಿಮಿತ್ತ ಪಕ್ಕದ ಗುದ್‌ಬ್ರಾನ್ಸ್‌ದಾಲ್ ಕಣಿವೆಯ ಹಳ್ಳಿಗಳಲ್ಲಿ ತಿರುಗುತ್ತ, 1887ರಿಂದ ಉಪಕರಣಗಳನ್ನೂ ಆಮೇಲೆ ಮನೆಗಳನ್ನೂ ಕೊಂಡು ತಂದು ತಮ್ಮ ತೋಟದಲ್ಲೇ ನಿಲ್ಲಿಸಿದರು. 1901ರಲ್ಲಿ ಪಟ್ಟಣದ ಅಭಿವೃದ್ಧಿ ಸಂಘವು ಆ ಸಂಗ್ರಹವನ್ನು ಕೊಂಡುಕೊಂಡಿತು. 1904ರಲ್ಲಿ ಮೈಹೌಗೆನ್ ಎಂಬ ಗುಡ್ಡದ ಮೇಲೆ ಅದು ಸಾರ್ವಜನಿಕರಿಗೆ ತೆರೆಯಿತು. ಇಂದು ಅಲ್ಲಿ 200ರ ಹತ್ತಿರ ಕಟ್ಟಡಗಳಿವೆ. ಸಾಂಡ್ವಿಗ್ ಅವುಗಳನ್ನು ಕಟ್ಟಡಗಳ ಸಾಲಾಗಿ ಕಾಣದೆ ಮನೆಗಳ ಸಮೂಹವಾಗಿ ಕಂಡರು. ಬ್ಯೋರ್ನ್‌ಸ್ತಾದ್ ಎಂಬ ಒಂದೇ ಒಕ್ಕಲುಮನೆಗೆ ಸೇರಿದ ವಾಸದ ಮನೆ, ಕಣಜ, ಕೊಟ್ಟಿಗೆ ಎಲ್ಲ ಕೂಡಿ 20ಕ್ಕೂ ಹೆಚ್ಚು ಕಟ್ಟಡಗಳು ಅಲ್ಲಿ ತಮ್ಮ ಪರಸ್ಪರ ಸಂಬಂಧವನ್ನು ಉಳಿಸಿಕೊಂಡು ನಿಂತಿವೆ. ಅಳತೆಯ ಪಾತ್ರೆ ಮತ್ತು ಕೋಲಿನ ನಡುವಿನ ನಂಟನ್ನು ಇಡೀ ಒಕ್ಕಲುತನದ ಮಟ್ಟದಲ್ಲಿ ಕಾಪಾಡಿದ ಕೆಲಸ ಅದು.

ಸ್ಕಾಟ್ಲೆಂಡಿನಲ್ಲಿ ಇಸಬೆಲ್ ಗ್ರಾಂಟ್ ಎಂಬ ಇತಿಹಾಸಕಾರ್ತಿ 1935ರಲ್ಲಿ ಐಯೋನಾ ದ್ವೀಪದ ಬಳಕೆಯಲ್ಲಿಲ್ಲದ ಚರ್ಚೊಂದರಲ್ಲಿ ತಮ್ಮ ಸಂಗ್ರಹವನ್ನಿಟ್ಟರು. ಹೈಲ್ಯಾಂಡ್ ಸೀಮೆಯ ಬಡ ರೈತರು ಬಳಸಿ ಬಿಟ್ಟ ವಸ್ತುಗಳನ್ನು ಬಹುಮಟ್ಟಿಗೆ ಸ್ವಂತ ಹಣದಿಂದ ಕೂಡಿಹಾಕಿ, 1944ರಲ್ಲಿ ಕಿಂಗ್ಯೂಸಿ ಎಂಬ ಸಣ್ಣ ಊರಿಗೆ ಅವುಗಳನ್ನು ಸ್ಥಳಾಂತರಿಸಿದರು. 1954ರಲ್ಲಿ ಅವರು ನಿವೃತ್ತರಾದಾಗ ನಾಲ್ಕು ವಿಶ್ವವಿದ್ಯಾಲಯಗಳು ಕೂಡಿ ಅದರ ಹೊಣೆ ಹೊತ್ತುಕೊಂಡವು. ಹೊಣೆಯ ಹಸ್ತಾಂತರವೆಂಬ ಈ ಸಂಗತಿಗೆ ಮುಂದೆ ಮರಳಿ ಬರಬೇಕಾಗಿದೆ.

ಈಗ ಒಂದು ವಸ್ತು ಸಂಗ್ರಹಾಲಯದ ಬಾಗಿಲಿಗೆ ಬಂದಾಗ ಏನಾಗಬೇಕೆಂದು ನೋಡೋಣ. ಯಾರೋ ಮನೆ ಕೆಡವುವಾಗ ಅಟ್ಟದ ಮೇಲಿದ್ದುದನ್ನು ತಂದುಕೊಡುತ್ತಾರೆ. ಕೊಡುವವರ ಮನಸ್ಸಿನಲ್ಲಿ ಅದನ್ನು ದಾಟಿಸಿಬಿಡುವ ಆತುರವಿರುತ್ತದೆ, ಪಡೆಯುವವರಲ್ಲಿ ಸಿಕ್ಕಿತಲ್ಲ ಎಂಬ ಸಂತೋಷವಿರುತ್ತದೆ. ಅತ್ಯಂತ ಮುಖ್ಯವಾದ ಹತ್ತು ನಿಮಿಷಗಳು ಈ ಆತುರ ಮತ್ತು ಸಂತೋಷದ ನಡುವೆ ಜಾರಿಹೋಗುತ್ತವೆ. ಆ ಹತ್ತು ನಿಮಿಷಗಳಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳವಾದವು. ಇದನ್ನು ನಿಮ್ಮ ಮನೆಯಲ್ಲಿ ಯಾವ ಹೆಸರಿನಿಂದ ಕರೆಯುತ್ತಿದ್ದರು? ಮಾಡಿಕೊಟ್ಟವರು ಯಾರು? ಯಾವ ಮರ? ಬಳಸುತ್ತಿದ್ದವರು ಗಂಡಸರೋ ಹೆಂಗಸರೋ ಮಕ್ಕಳೋ? ಬಲಗೈಯಲ್ಲಿ ಹಿಡಿಯುತ್ತಿದ್ದರೋ ಎಡಗೈಯಲ್ಲೋ? ಕೊನೆಯ ಸಲ ಬಳಸಿದ್ದು ಯಾವಾಗ, ಬಿಟ್ಟದ್ದು ಏಕೆ, ಅದರ ಜಾಗಕ್ಕೆ ಬಂದದ್ದು ಏನು? ಇದರ ಜೊತೆಗೆ ಇನ್ನೇನು ಬೇಕಾಗುತ್ತಿತ್ತು? ಈ ಕೊನೆಯ ಪ್ರಶ್ನೆಯೇ ಕೋಲನ್ನು ಪಾತ್ರೆಗೆ ಜೋಡಿಸುವಂಥದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದೂ ಅದೇ.

ಉತ್ತರಗಳು ದಾಖಲೆ ಪುಸ್ತಕಕ್ಕೆ ಸೇರಿದ ಮೇಲೆ ವಸ್ತುವಿಗೊಂದು ಸಂಖ್ಯೆ ಬರುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಅದು ಮೂರು ಭಾಗಗಳ ಸಂಖ್ಯೆ: 2024.17.3 ಎಂದರೆ 2024ನೆಯ ಇಸವಿಯಲ್ಲಿ ಬಂದ ಹದಿನೇಳನೆಯ ಕೊಡುಗೆಯ ಮೂರನೆಯ ವಸ್ತು. ಪಾತ್ರೆ 2024.17.2 ಆಗಿ ಕೋಲು 2024.17.3 ಆಗಿದ್ದರೆ ಅವು ಬೇರೆ ಬೇರೆ ಕೋಣೆಗಳಲ್ಲಿದ್ದರೂ ಸಂಖ್ಯೆಯೇ ಅವುಗಳನ್ನು ಒಂದುಗೂಡಿಸುತ್ತದೆ. ಸಂಖ್ಯೆಯನ್ನು ವಸ್ತುವಿನ ಮೇಲೆ ನೇರವಾಗಿ ಬರೆಯಬಾರದು, ಅಂಟುಪಟ್ಟಿಯನ್ನೂ ಹಚ್ಚಬಾರದು. ಅಂಟು ಕೆಲವು ವರ್ಷಗಳಲ್ಲಿ ಒಣಗಿ ಕಲೆಯನ್ನು ಬಿಟ್ಟು ಉದುರುತ್ತದೆ. ಎದ್ದುಕಾಣದ ಜಾಗದಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳದ ತೆಳುವಾದ ಲೇಪವನ್ನು ಬಳಿದು, ಅದು ಒಣಗಿದ ಮೇಲೆ ಶಾಯಿಯಿಂದ ಬರೆದು, ಮೇಲೆ ಇನ್ನೊಂದು ಲೇಪ ಕೊಡುತ್ತಾರೆ. ಬೇಕಾದಾಗ ಅಸಿಟೋನಿನಿಂದ ಒರೆಸಿ ತೆಗೆಯಬಹುದು. ಬಟ್ಟೆಗಾದರೆ ಸಂಖ್ಯೆ ಬರೆದ ಹತ್ತಿಯ ಪಟ್ಟಿಯನ್ನು ಸಡಿಲವಾಗಿ ಹೊಲಿದರೆ ಸಾಕು. ದಾಖಲೆ ಪುಸ್ತಕದ ಒಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿ ಇಡಲೇಬೇಕು. ಬೆಂಕಿಯೋ ನೆರೆಯೋ ಬಂದು ಪುಸ್ತಕ ನಾಶವಾದರೆ, ಉಳಿದ ವಸ್ತುಗಳೆಲ್ಲ ಒಮ್ಮೆಗೇ ಮೂಕವಾಗುತ್ತವೆ.

ಬಾಗಿಲಿಗೆ ಬಂದವರನ್ನು ಕೇಳುವುದಷ್ಟೇ ಸಾಲದು, ಹುಡುಕಿಕೊಂಡು ಹೋಗಿಯೂ ಕೇಳಬೇಕು. ಐರ್ಲೆಂಡಿನ ಜಾನಪದ ಆಯೋಗವು 1937ರಿಂದ 1939ರವರೆಗೆ ನಡೆಸಿದ ಶಾಲಾ ಸಂಗ್ರಹ ಯೋಜನೆ ಈ ದಾರಿಯ ಅತ್ಯುತ್ತಮ ಉದಾಹರಣೆ. ಸುಮಾರು 5,000 ಪ್ರಾಥಮಿಕ ಶಾಲೆಗಳ 50,000ಕ್ಕೂ ಹೆಚ್ಚು ಮಕ್ಕಳು ತಮ್ಮ ಮನೆಯ ಹಿರಿಯರನ್ನೂ ನೆರೆಯವರನ್ನೂ ಕೇಳಿ ಕಸುಬು, ಬೇಸಾಯ, ಮನೆಮದ್ದು, ಸ್ಥಳೀಯ ಚರಿತ್ರೆಗಳ ಬಗ್ಗೆ ಬರೆದದ್ದು ಇಂದು ಲಕ್ಷಾಂತರ ಪುಟಗಳ ಭಂಡಾರವಾಗಿ ಉಳಿದಿದೆ. ಒಂದು ಪಟ್ಟಣದ ಸಂಗ್ರಹಾಲಯ ಇದನ್ನು ಒಂದೇ ಶಾಲೆಯ ಮಟ್ಟದಲ್ಲಿ ಮಾಡಬಹುದು, ಮತ್ತು ಅದಕ್ಕೆ ಖರ್ಚೆಂಬುದು ಹೆಚ್ಚುಕಡಿಮೆ ಇಲ್ಲ. ಅಜ್ಜಿ ಅಪರಿಚಿತ ಸಂಶೋಧಕರಿಗೆ ಹೇಳದ ವಿವರಗಳನ್ನು ಮೊಮ್ಮಗಳಿಗೆ ಹೇಳುತ್ತಾರೆ ಎಂಬುದು ಈ ವಿಧಾನದ ಬಲ. ಇನ್ನು ಕೈಯ ಕೆಲಸವನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ. ಬುಟ್ಟಿ ಹೆಣೆಯುವವರು ಯಾವ ಬೆರಳಿನಿಂದ ಒತ್ತುತ್ತಾರೆಂದು ಕೇಳಿದರೆ ಅವರಿಗೇ ತಿಳಿಯದು. ಅದನ್ನು ಚಿತ್ರೀಕರಿಸಬೇಕು, ಮತ್ತು ಚಿತ್ರೀಕರಿಸುವಾಗ ಮುಖಕ್ಕಿಂತ ಕೈಗಳ ಹತ್ತಿರ ಇರಬೇಕು. 2003ರ ಯುನೆಸ್ಕೊ ಒಡಂಬಡಿಕೆ ಇಂಥ ಕೌಶಲ, ಆಚರಣೆ, ಮೌಖಿಕ ಪರಂಪರೆಗಳನ್ನೂ ರಕ್ಷಿಸಬೇಕಾದ ಪರಂಪರೆಯೆಂದು ಮಾನ್ಯ ಮಾಡಿತು.

ವಸ್ತುವಿನ ಶರೀರವನ್ನು ಕಾಪಾಡುವ ವಿಚಾರದಲ್ಲಿ ಒಂದು ತಪ್ಪು ಕಲ್ಪನೆ ಬಲವಾಗಿ ಬೇರೂರಿದೆ: ಮರದ ವಸ್ತುಗಳಿಗೆ ವಾರ್ನಿಷ್ ಬಳಿದು, ಕಬ್ಬಿಣವನ್ನು ಉಜ್ಜಿ ಹೊಳೆಯಿಸಿ, ಬಟ್ಟೆಯನ್ನು ಒಗೆದು ಇಟ್ಟರೆ ಅವು ಸುರಕ್ಷಿತ ಎಂಬುದು. ವಾಸ್ತವದಲ್ಲಿ ಇದೇ ಅನೇಕ ವಸ್ತುಗಳನ್ನು ಕೆಡಿಸಿದೆ. ಹಿಡಿಯ ಮೇಲೆ ಹೆಬ್ಬೆರಳು ತಾಗಿ ತಾಗಿ ಆದ ತಗ್ಗು, ಮುರಿದಲ್ಲಿ ಚರ್ಮದ ಪಟ್ಟಿ ಸುತ್ತಿ ಮಾಡಿದ ದುರಸ್ತಿ, ಬಿರುಕಿನಲ್ಲಿ ಸಿಕ್ಕಿಕೊಂಡ ಹೊಟ್ಟು ಇವೆಲ್ಲ ಓದಬೇಕಾದ ದಾಖಲೆಗಳು. ಬಿರುಕಿನಲ್ಲಿರುವ ಆ ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಯಾವ ಬೆಳೆಯೆಂದು ತಿಳಿಯಬಹುದು. ಬ್ರಷ್ಷಿನಿಂದ ಗುಡಿಸಿ ಹಾಕಿದರೆ ತಿಳಿಯಲಾಗದು. ಮೇಲೆ ಕೂತ ಸಡಿಲ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯುವಲ್ಲಿಗೆ ಸಾಮಾನ್ಯ ಸಿಬ್ಬಂದಿಯ ಕೈ ನಿಲ್ಲಬೇಕು. ಅದಕ್ಕೂ ಮುಂದಿನದು ತರಬೇತಿ ಪಡೆದ ಸಂರಕ್ಷಕರ ಕೆಲಸ.

ನಿಜವಾದ ಶತ್ರುಗಳು ತೇವ, ಬೆಳಕು ಮತ್ತು ಹುಳು. ಮರ ಗಾಳಿಯ ತೇವಾಂಶವನ್ನು ಹೀರಿ ಎಳೆಗಳ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಹೆಚ್ಚು ಬದಲಾಗದು. ಆದ್ದರಿಂದ ತೇವಾಂಶ ಬೇಗಬೇಗ ಏರಿಳಿಯುವ ಕೋಣೆಯಲ್ಲಿ ಕೀಲುಗಳು ಸಡಿಲವಾಗಿ, ಹಲಗೆಗಳು ಸೀಳುತ್ತವೆ. ಕಬ್ಬಿಣದ ತುಕ್ಕು ಸಾಪೇಕ್ಷ ತೇವಾಂಶ ಶೇ 65 ದಾಟಿದ ಮೇಲೆ ವೇಗ ಪಡೆಯುತ್ತದೆ, ಬೂಷ್ಟು ಬೆಳೆಯುವುದೂ ಹೆಚ್ಚುಕಡಿಮೆ ಅದೇ ಮಟ್ಟದಿಂದ. ದುಬಾರಿ ಹವಾನಿಯಂತ್ರಣ ಯಂತ್ರವನ್ನು ಹಗಲು ನಡೆಸಿ ರಾತ್ರಿ ನಿಲ್ಲಿಸುವುದಕ್ಕಿಂತ, ಸೋರದ ಮಾಡು, ಗೋಡೆಗೆ ತಾಗದ ಕಪಾಟು, ನೆಲದಿಂದ ಒಂದು ಗೇಣು ಮೇಲಿನ ಹಲಗೆ ಇವು ಹೆಚ್ಚು ಉಪಕಾರಿ. ಬೆಳಕು ಮಾಡುವ ಹಾನಿ ಹಿಂದಿರುಗಿಸಲಾಗದ್ದು. ಬಣ್ಣದ ಬಟ್ಟೆ ಮೇಲೆ ಬೀಳುವ ಬೆಳಕನ್ನು 50 ಲಕ್ಸ್‌ಗೆ (ಲಕ್ಸ್ ಎಂದರೆ ಬೀಳುವ ಬೆಳಕನ್ನು ಅಳೆಯುವ ಮಾನ) ಮಿತಿಗೊಳಿಸುವುದು ವಾಡಿಕೆ, ಮತ್ತು ವರ್ಷವಿಡೀ ಒಂದೇ ಬಟ್ಟೆಯನ್ನು ಪ್ರದರ್ಶಿಸದೆ ಸರದಿಯಂತೆ ಬದಲಿಸುವುದು ಇನ್ನೂ ಒಳ್ಳೆಯದು.

ಹುಳುಗಳ ಮಾತು ಬೇರೆ, ಏಕೆಂದರೆ ಅವು ಹೊಸ ಕೊಡುಗೆಯ ಜೊತೆಗೇ ಒಳಗೆ ಬರುತ್ತವೆ. ಕುಟ್ಟೆಹುಳು ಮರದೊಳಗೆ ವರ್ಷಗಟ್ಟಲೆ ಸುರಂಗ ಕೊರೆದು, ಹೊರಬರುವಾಗ ಮಾತ್ರ ಸಣ್ಣ ತೂತನ್ನೂ ಹಿಟ್ಟಿನಂಥ ಪುಡಿಯನ್ನೂ ಬಿಡುತ್ತದೆ. ಬೆಳಗ್ಗೆ ಕಪಾಟಿನ ಹಲಗೆಯ ಮೇಲೆ ಹೊಸ ಪುಡಿ ಕಂಡರೆ ಒಳಗೆ ಜೀವವಿದೆ ಎಂದರ್ಥ. ಆದ್ದರಿಂದ ಬಂದ ಪ್ರತಿ ವಸ್ತುವನ್ನೂ ಕೆಲವು ವಾರ ಬೇರೆ ಕೋಣೆಯಲ್ಲಿ ಇಟ್ಟು ಗಮನಿಸಬೇಕು. ಹುಳು ಇರುವುದು ಖಚಿತವಾದರೆ ವಿಷವಿಲ್ಲದ ಉಪಾಯವಿದೆ. ಮರದ ಸಣ್ಣ ಉಪಕರಣವನ್ನೋ ಉಣ್ಣೆಯ ಬಟ್ಟೆಯನ್ನೋ ಪಾಲಿಥಿನ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು ಬಿಗಿದು, ಡೀಪ್ ಫ್ರೀಜರಿನಲ್ಲಿ ಮೈನಸ್ 30 ಡಿಗ್ರಿಯಲ್ಲಾದರೆ ಮೂರು ದಿನ, ಮೈನಸ್ 20ರಲ್ಲಾದರೆ ಎರಡು ವಾರ ಇಟ್ಟರೆ ಮೊಟ್ಟೆಗಳ ಸಹಿತ ಹುಳುಗಳು ಸಾಯುತ್ತವೆ. ಹೊರತೆಗೆದ ಮೇಲೆ ಚೀಲವನ್ನು ತಕ್ಷಣ ಬಿಚ್ಚಬಾರದು. ಕೋಣೆಯ ಬಿಸಿಗೆ ಬರುವವರೆಗೆ ಕಾಯ್ದರೆ ನೀರಿನ ಹನಿಗಳು ವಸ್ತುವಿನ ಮೇಲೆ ಕೂರದೆ ಚೀಲದ ಹೊರಮೈಯಲ್ಲಿ ಕೂರುತ್ತವೆ. ಬಣ್ಣ ಬಳಿದ ಮರ, ಗಾಜು ಕೂಡಿಸಿದ ವಸ್ತುಗಳಿಗೆ ಈ ಉಪಾಯ ಬೇಡ. ಹಳೆಯ ಸಂಗ್ರಹಗಳನ್ನು ಮುಟ್ಟುವಾಗ ಕೈಗವಸು ತೊಡುವುದಕ್ಕೂ ಇದೇ ಹುಳುಗಳು ಕಾರಣ: ಹಿಂದಿನವರು ಅವುಗಳನ್ನು ಕೊಲ್ಲಲು ಆರ್ಸೆನಿಕ್, ಪಾದರಸದ ಲವಣ, ಡಿಡಿಟಿಗಳನ್ನು ಧಾರಾಳವಾಗಿ ಬಳಸಿದ್ದರು, ಮತ್ತು ಆ ವಿಷ ಇಂದಿಗೂ ಎಷ್ಟೋ ವಸ್ತುಗಳ ಮೇಲಿದೆ.

ಇಷ್ಟೆಲ್ಲ ಮಾಡಿದರೂ ಸಂಗ್ರಹ ತೋರಿಸುವ ಹಳ್ಳಿ ಪೂರ್ತಿ ಹಳ್ಳಿಯಲ್ಲ. ಉಳ್ಳವರ ಮನೆಯ ಕೆತ್ತನೆಯ ಪೆಟ್ಟಿಗೆ ಉಳಿಯುತ್ತದೆ, ಏಕೆಂದರೆ ಅದು ಅಪರೂಪಕ್ಕೆ ಬಳಕೆಯಾಗುತ್ತಿತ್ತು ಮತ್ತು ಒಣಗಿದ ಕೋಣೆಯಲ್ಲಿತ್ತು. ಕೂಲಿಯವರ ವಸ್ತುಗಳು ಬಳಸಿ ಬಳಸಿ ಮುಗಿದುಹೋದವು. ಹಬ್ಬದ ಉಡುಪು ಸಂಗ್ರಹಾಲಯಗಳ ತುಂಬ ಇದೆ. ಕೆಲಸದ ಉಡುಪು ತೇಪೆ ಬಿದ್ದು, ಆಮೇಲೆ ಒರೆಸುವ ಬಟ್ಟೆಯಾಗಿ, ಕೊನೆಗೆ ಮಣ್ಣಾಯಿತು. ಹೀಗೆ ಉಳಿದವುಗಳನ್ನಷ್ಟೇ ಚೊಕ್ಕಟವಾಗಿ ಜೋಡಿಸಿದರೆ ಹಸಿವು, ಸಾಲ, ಬಿಟ್ಟಿ ದುಡಿಮೆ, ಎಳೆಯ ಮಕ್ಕಳ ಸಾವು ಯಾವುದೂ ಇಲ್ಲದ ಸುಂದರ ಹಳ್ಳಿಯೊಂದು ತಯಾರಾಗುತ್ತದೆ. ಆ ಹಳ್ಳಿ ಎಂದೂ ಇರಲಿಲ್ಲ. ಈ ಕೊರತೆಯನ್ನು ತುಂಬಲು ಇಂಗ್ಲೆಂಡಿನ ಬೀಮಿಷ್ ಸಂಗ್ರಹಾಲಯದ ಸ್ಥಾಪಕ ಫ್ರ್ಯಾಂಕ್ ಅಟ್ಕಿನ್ಸನ್, ಜನ ಏನನ್ನು ಕೊಟ್ಟರೂ ಬೇಡವೆನ್ನದೆ ಪಡೆಯುವ ನೀತಿಯನ್ನು ಅನುಸರಿಸಿದರು. ಯಾವುದು ಮುಖ್ಯವೆಂದು ಆರಿಸುವವರ ಅಭಿರುಚಿಯೇ ಚರಿತ್ರೆಯನ್ನು ಸೋಸಿಬಿಡುತ್ತದೆ ಎಂಬ ಅವರ ಅಳುಕು ನ್ಯಾಯವಾದದ್ದು. ಆದರೆ ಅದಕ್ಕೆ ಸೈನಿಕ ಶಿಬಿರದಷ್ಟು ವಿಶಾಲವಾದ ಉಗ್ರಾಣ ಬೇಕಾಯಿತು. ಎರಡು ಕೋಣೆಯ ಸಂಗ್ರಹಾಲಯಕ್ಕೆ ಆ ದಾರಿಯಿಲ್ಲ. ಹದಿನೈದನೆಯ ಬೀಸುಕಲ್ಲನ್ನು ತಂದವರಿಗೆ ಕೃತಜ್ಞತೆ ಹೇಳಿ, ಅದರ ಚಿತ್ರ ತೆಗೆದು, ಅವರ ಮಾತುಗಳನ್ನು ಬರೆದುಕೊಂಡು, ಕಲ್ಲನ್ನು ಮರಳಿ ಕೊಡುವುದು ಅಲ್ಲಿ ಸರಿಯಾದ ನಡೆ. ತೇಪೆ ಹಾಕಿದ ಒಂದು ಅಂಗಿ ಬಂದರೆ ಅದನ್ನು ಬಿಡಬಾರದು.

ನೋಡಲು ಬಂದವರಿಗೆ ವಸ್ತುಗಳನ್ನು ಬಳಸಿ ತೋರಿಸುವ ಪ್ರಶ್ನೆಯೂ ಇದೆ. ಕಡೆಯುವುದನ್ನು, ಬೀಸುವುದನ್ನು, ನೇಯುವುದನ್ನು ಕಣ್ಣಾರೆ ಕಂಡವರಿಗೆ ಸಿಗುವ ತಿಳಿವಳಿಕೆ ಫಲಕ ಓದಿ ಸಿಗುವುದಿಲ್ಲ. ಆದರೆ ಪ್ರತಿ ಬಳಕೆಯೂ ಮೂಲವಸ್ತುವನ್ನು ಸವೆಸುತ್ತದೆ ಮತ್ತು ಹಳೆಯ ಕೈಗಳ ಸವೆತದ ಮೇಲೆ ಹೊಸ ಸವೆತವನ್ನು ಹಚ್ಚುತ್ತದೆ. ಮೂಲವನ್ನು ಅಳೆದು ಅದೇ ಜಾತಿಯ ಮರದಿಂದ ಊರಿನ ಬಡಗಿಯಿಂದಲೇ ಪ್ರತಿಕೃತಿ ಮಾಡಿಸಿ ಅದನ್ನು ಬಳಕೆಗೆ ಬಿಡುವುದು ಇದಕ್ಕಿರುವ ಒಳ್ಳೆಯ ಪರಿಹಾರ. ಆಗ ಬಡಗಿಯ ಕೌಶಲಕ್ಕೂ ಕೆಲಸ ಸಿಗುತ್ತದೆ.

ಹೊಣೆಯ ಹಸ್ತಾಂತರದ ಮಾತಿಗೆ ಈಗ ಬರೋಣ. ಸಣ್ಣ ಊರಿನ ಸಂಗ್ರಹಾಲಯಗಳಲ್ಲಿ ಬಹಳಷ್ಟು ಒಬ್ಬರೇ ಮನುಷ್ಯರ ಹಟ ಮತ್ತು ಪ್ರೀತಿಯಿಂದ ಹುಟ್ಟುತ್ತವೆ, ಮತ್ತು ಆ ಒಬ್ಬರು ಹೋದ ಮೇಲೆ ಅವರ ತಲೆಯಲ್ಲಿದ್ದ ದಾಖಲೆಯೂ ಹೋಗುತ್ತದೆ. ಸಾಂಡ್ವಿಗ್ ಅವರ ಸಂಗ್ರಹ ಪಟ್ಟಣದ ಸಂಘಕ್ಕೆ, ಗ್ರಾಂಟ್ ಅವರದು ವಿಶ್ವವಿದ್ಯಾಲಯಗಳಿಗೆ ಅವರು ಬದುಕಿರುವಾಗಲೇ ಸೇರಿದ್ದರಿಂದ ಉಳಿದುಕೊಂಡವು. ಪ್ರತಿ ಕೊಡುಗೆಗೂ ಸಹಿ ಮಾಡಿದ ದಾನಪತ್ರ ಇರಬೇಕು. ಬಾಯಿಮಾತಿನಲ್ಲಿ ಕೊಟ್ಟದ್ದನ್ನು ಮುಂದಿನ ತಲೆಮಾರು ಮರಳಿ ಕೇಳಿದಾಗ ಸಂಗ್ರಹಾಲಯದ ಬಳಿ ಉತ್ತರವಿರುವುದಿಲ್ಲ. ಅನಿರ್ದಿಷ್ಟ ಅವಧಿಗೆ ಎರವಲು ಪಡೆಯುವುದಂತೂ ಜಗಳಕ್ಕೆ ಬಾಗಿಲು ತೆರೆದಿಟ್ಟಂತೆ. ಉಗ್ರಾಣ ಕೈಮೀರಿ ಹೋಗಿರುವ ಸಣ್ಣ ಸಂಸ್ಥೆಗಳಿಗಾಗಿಯೇ ರೋಮ್ ನಗರದಲ್ಲಿರುವ, ಸಾಂಸ್ಕೃತಿಕ ಪರಂಪರೆಯ ಸಂರಕ್ಷಣೆಗೆ ಮೀಸಲಾದ ಇಕ್ರೋಮ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ರೀ-ಆರ್ಗ್ ಎಂಬ ಹಂತಹಂತದ ವಿಧಾನವನ್ನು ರೂಪಿಸಿದೆ. ಯಾವುದೇ ವಸ್ತುವನ್ನು ಕೆಲವೇ ನಿಮಿಷಗಳಲ್ಲಿ ಹುಡುಕಿ ತೆಗೆಯಲು ಸಾಧ್ಯವಾಗಬೇಕು, ಎರಡಕ್ಕಿಂತ ಹೆಚ್ಚು ಬೇರೆ ವಸ್ತುಗಳನ್ನು ಎತ್ತಿ ಸರಿಸದೆ ಅದನ್ನು ತಲುಪುವಂತಿರಬೇಕು ಎಂಬಂಥ ಸರಳ ಅಳತೆಗೋಲುಗಳು ಅದರಲ್ಲಿವೆ.

ಗ್ರಾಮೀಣ ಬದುಕು ನೇಗಿಲಿನಲ್ಲಿಯೇ ನಿಂತಿಲ್ಲವಾದ್ದರಿಂದ ಸಂಗ್ರಹವೂ ಅಲ್ಲಿ ನಿಲ್ಲುವಂತಿಲ್ಲ. ಸ್ವೀಡನ್ನಿನ ವಸ್ತುಸಂಗ್ರಹಾಲಯಗಳು 1977ರಲ್ಲಿ ಸಾಮ್‌ಡೋಕ್ ಎಂಬ ಒಕ್ಕೂಟ ಮಾಡಿಕೊಂಡು, ಬಳಕೆಯಲ್ಲಿರುವ ವಸ್ತುಗಳನ್ನು ಬಳಸುವವರು ಎದುರಿಗಿರುವಾಗಲೇ ದಾಖಲಿಸುವ ಕೆಲಸವನ್ನು ಹಂಚಿಕೊಂಡವು. ಮೊದಲ ಟ್ರ್ಯಾಕ್ಟರಿನ ಬಿಡಿಭಾಗ, ಬೆನ್ನಿಗೆ ಕಟ್ಟುವ ಪ್ಲಾಸ್ಟಿಕ್ ಔಷಧ ಸಿಂಪಡಕ, ನೈಲಾನ್ ಹಗ್ಗ, ಬ್ಯಾಟರಿ ರೇಡಿಯೊ ಇವುಗಳನ್ನು ಬಳಸಿದ ತಲೆಮಾರು ಇನ್ನೂ ಉತ್ತರ ಹೇಳಬಲ್ಲದು. ಸಂರಕ್ಷಣೆಯ ದೃಷ್ಟಿಯಿಂದ ಇವು ಮರಕ್ಕಿಂತಲೂ ಕಷ್ಟದ ವಸ್ತುಗಳು: ಮೆದು ಪಿವಿಸಿ ಜಿಗುಟಾಗಿ ಬೆವರುತ್ತದೆ, ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ, ಸ್ಪಂಜು ಕೆಲವೇ ದಶಕಗಳಲ್ಲಿ ಪುಡಿಯಾಗುತ್ತದೆ. ತಂಪಾದ ಕತ್ತಲೆಯಲ್ಲಿಟ್ಟರೆ ಈ ಬದಲಾವಣೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಆದ್ದರಿಂದ ಅವುಗಳ ವಿಷಯದಲ್ಲಿ ವಿವರವಾದ ಅಳತೆ, ಚಿತ್ರ ಮತ್ತು ಬಳಸಿದವರ ಮಾತುಗಳನ್ನು ವಸ್ತು ಬಂದ ದಿನವೇ ತೆಗೆದುಕೊಳ್ಳುವುದು ಅಗತ್ಯ.